ನೀರೇ ಇಲ್ಲದೆ ಬಟ್ಟೆಗೆ ಬಣ್ಣ ಹಾಕಬಹುದಾ? ಫಾರ್ವರ್ಡ್ ಹಿಂದಿರುವ ಡಾಕ್ಟರ್ ಥಾಮಸ್ ಆಂಡ್ರ್ಯೂಸ್ ಕಥೆ

ಒಂದು ಹನಿ ನೀರು ಬಳಸದೆ, ಬರೀ ಗ್ಯಾಸ್‌ನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೆರಡು ಮಾತು ಬರುತ್ತವೆ. ಇನ್ನು ಮೈಸೂರು ಸಿಲ್ಕ್‌ಗೂ ನೀರು ಬೇಡ ಅನ್ನುವುದು ಒಂದು. ಆ ಗ್ಯಾಸ್ ಬಟ್ಟೆಯಲ್ಲೇ ಉಳಿದು ಚರ್ಮ ಹಾಳಾಗುತ್ತದೆ ಅನ್ನುವುದು ಇನ್ನೊಂದು. ಇದರಲ್ಲಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು ಎಂದು ನೋಡೋಣ. ಅದಕ್ಕೆ ಮೊದಲು, ಸತ್ತು 140 ವರ್ಷವಾಗಿರುವ ಒಬ್ಬ ಡಾಕ್ಟರ ಪರಿಚಯ ಮಾಡಿಕೊಳ್ಳಬೇಕು.

ಕಥೆ ಶುರು ವಿಜಯನಗರದಿಂದಲೇ

ಮೈಸೂರಿನ ವಿಜಯನಗರದಲ್ಲಿ ಯಾವುದಾದರೂ ಅಪಾರ್ಟ್‌ಮೆಂಟಿನ ಕರೆಂಟ್ ಮೀಟರ್ ಬೋರ್ಡ್ ಹತ್ತಿರ ನೋಡಿ. ಕೊಂಬಿನಂಥ ಕಪ್ಪು ಬಾಯಿ ಇರುವ ಕೆಂಪು ಸಿಲಿಂಡರ್ ಕಂಡರೆ, ಅದು ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದರೊಳಗೆ ಕೆಳಗೆ ದ್ರವ, ಮೇಲೆ ಅನಿಲ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲು 34-35 ಡಿಗ್ರಿ ಮುಟ್ಟಿದಾಗ, ತುಂಬಿದ ಸಿಲಿಂಡರ್ ಒಳಗೆ ಆ ಎರಡು ಪದರ ಇರುವುದಿಲ್ಲ. ದ್ರವವೂ ಅಲ್ಲದ, ಅನಿಲವೂ ಅಲ್ಲದ ಒಂದೇ ವಸ್ತು ಒಳಗೆಲ್ಲ ತುಂಬಿಕೊಂಡಿರುತ್ತದೆ. ಇದಕ್ಕೇ ಸೂಪರ್‌ಕ್ರಿಟಿಕಲ್ ಸ್ಥಿತಿ ಅನ್ನುತ್ತಾರೆ.

ಈ ಬದಲಾವಣೆ ಸುಮಾರು 31 ಡಿಗ್ರಿಯಲ್ಲಿ ಆಗುತ್ತದೆ ಎಂದು ಕರಾರುವಾಕ್ಕಾಗಿ ಅಳೆದು ತೋರಿಸಿದವರು ಥಾಮಸ್ ಆಂಡ್ರ್ಯೂಸ್.

ಬಟ್ಟೆ ವ್ಯಾಪಾರಿಯ ಮಗ

ಆಂಡ್ರ್ಯೂಸ್ ಹುಟ್ಟಿದ್ದು 1813ರ ಡಿಸೆಂಬರ್ 19ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂದೆ ಲಿನನ್ ಬಟ್ಟೆಯ ವ್ಯಾಪಾರಿ. ಗೂಗಲ್‌ನಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ: ಅದೇ ಹೆಸರಿನ, ಟೈಟಾನಿಕ್ ಹಡಗಿನ ವಿನ್ಯಾಸ ಮಾಡಿದ ಥಾಮಸ್ ಆಂಡ್ರ್ಯೂಸ್ ಬೇರೆ. ಅವರು ತೀರಿಕೊಂಡಿದ್ದು 1912ರಲ್ಲಿ.

ನಮ್ಮ ಆಂಡ್ರ್ಯೂಸ್ ಹದಿಹರೆಯದಲ್ಲೇ ರಸಾಯನಶಾಸ್ತ್ರ ಕಲಿಯಲು ಗ್ಲಾಸ್ಗೋಗೆ ಹೋದರು. ಅಲ್ಲಿಂದ ಪ್ಯಾರಿಸ್‌ಗೆ ಹೋಗಿ ಹೆಸರಾಂತ ವಿಜ್ಞಾನಿ ಡ್ಯೂಮಾ ಅವರ ಪ್ರಯೋಗಾಲಯ ಸೇರಿದರು. ಆಮೇಲೆ ಮೆಡಿಕಲ್ ಓದಿ, 1835ರಲ್ಲಿ ಎಡಿನ್‌ಬರೋದಲ್ಲಿ ಎಂಡಿ ಪದವಿ ಪಡೆದರು. ಊರಿಗೆ ಮರಳಿ ಹತ್ತು ವರ್ಷ ರೋಗಿಗಳನ್ನೂ ನೋಡಿದರು, ಹುಡುಗರಿಗೆ ರಸಾಯನಶಾಸ್ತ್ರವನ್ನೂ ಕಲಿಸಿದರು. ಇವೆರಡರ ನಡುವೆ ಸಿಕ್ಕ ಸಮಯದಲ್ಲಿ, ರಾಸಾಯನಿಕ ಕ್ರಿಯೆಯಲ್ಲಿ ಎಷ್ಟು ಶಾಖ ಹುಟ್ಟುತ್ತದೆ ಎಂದು ಅಳೆದರು. ಅದಕ್ಕೆ 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಾಯಲ್ ಮೆಡಲ್ ಕೊಟ್ಟಿತು.

1845ರಲ್ಲಿ ಅವರು ಪ್ರಾಕ್ಟೀಸ್ ಬಿಟ್ಟರು. ಬೆಲ್‌ಫಾಸ್ಟ್‌ನ ಹೊಸ ಕ್ವೀನ್ಸ್ ಕಾಲೇಜಿನ ಉಪಾಧ್ಯಕ್ಷರಾದರು, 1849ರಿಂದ ಅಲ್ಲೇ ರಸಾಯನಶಾಸ್ತ್ರದ ಪ್ರೊಫೆಸರ್ ಆದರು. ಓಝೋನ್ ಅನ್ನುವುದು ಬೇರೆ ಧಾತುವಲ್ಲ, ಆಮ್ಲಜನಕದ್ದೇ ಇನ್ನೊಂದು ರೂಪ ಎಂದು ಗಟ್ಟಿ ಮಾಡಿದವರಲ್ಲಿ ಅವರೂ ಒಬ್ಬರು.

ಎಷ್ಟು ಅದುಮಿದರೂ ದ್ರವವಾಗದ ಅನಿಲ

ಆ ಕಾಲದ ವಿಜ್ಞಾನಿಗಳಿಗೆ ಒಂದು ತಲೆನೋವಿತ್ತು. ಕೆಲವು ಅನಿಲಗಳನ್ನು ಅದುಮಿದರೆ ದ್ರವವಾಗುತ್ತಿದ್ದವು. ಆಮ್ಲಜನಕ, ಸಾರಜನಕ, ಜಲಜನಕ ಮಾತ್ರ ಏನು ಮಾಡಿದರೂ ಬಗ್ಗುತ್ತಿರಲಿಲ್ಲ. ಮೈಕೆಲ್ ಫ್ಯಾರಡೆಯವರಂಥವರೂ ಸೋತಿದ್ದರು. ಇವು ಎಂದಿಗೂ ಅನಿಲವಾಗೇ ಇರುವಂಥವು ಎಂದು ಹಲವರು ನಂಬಿದ್ದರು.

ಇದಕ್ಕೊಂದು ಸುಳಿವು ಮೊದಲೇ ಸಿಕ್ಕಿತ್ತು. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಬಂದೂಕಿನ ನಳಿಗೆಯೊಳಗೆ ದ್ರವ ಮತ್ತು ಒಂದು ಕಲ್ಲಿನ ಗುಂಡು ಹಾಕಿ, ಬಾಯಿ ಮುಚ್ಚಿ ಕಾಯಿಸಿದ್ದರು. ನಳಿಗೆ ಅಲ್ಲಾಡಿಸಿದಾಗ ಕೇಳುತ್ತಿದ್ದ ದ್ರವದ ಸದ್ದು, ಒಂದು ಹಂತ ದಾಟಿದ ಮೇಲೆ ನಿಂತುಹೋಗಿತ್ತು. ಆದರೆ ಒಳಗೆ ಏನಾಯಿತು ಎಂದು ಕಬ್ಬಿಣದ ನಳಿಗೆಯಲ್ಲಿ ಕಾಣುವುದಿಲ್ಲವಲ್ಲ.

ಆಂಡ್ರ್ಯೂಸ್ ಗಾಜಿನ ಕೊಳವೆ ಹಿಡಿದರು. ಗೋಡೆ ದಪ್ಪ, ಒಳಗಿನ ತೂತು ಕೂದಲಿನಷ್ಟು ಸಣ್ಣ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ, ಕೆಳಗಿನಿಂದ ಪಾದರಸ ಕೊಟ್ಟು, ಸ್ಕ್ರೂ ತಿರುಗಿಸುತ್ತಾ ಒತ್ತಡ ಏರಿಸಿದರು. ನಮ್ಮ ಅಡುಗೆಮನೆಯ ಕುಕ್ಕರ್ ಒಳಗಿನ ಒತ್ತಡ ಸುಮಾರು 2 ಬಾರ್. ಅವರು 100 ಬಾರ್ ದಾಟಿದ್ದರು, ಅದೂ ಗಾಜಿನಲ್ಲಿ! ಕೊಳವೆ ಒಡೆದರೆ ಏನಾಗಬಹುದು ಎಂಬುದು ಡಾಕ್ಟರಾಗಿದ್ದ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1860ರ ದಶಕದಲ್ಲಿ ಅವರು ಕಣ್ಣಾರೆ ಕಂಡಿದ್ದು ಹೀಗೆ. ಬಿಸಿ ಏರಿದ ಹಾಗೆ ದ್ರವ ಮತ್ತು ಅನಿಲದ ನಡುವಿನ ಗೆರೆ ಮಸುಕಾಯಿತು, ಚಪ್ಪಟೆಯಾಯಿತು, ಕೊನೆಗೆ ಮಾಯವಾಯಿತು. ಅವರ ಅಳತೆ 30.92 ಡಿಗ್ರಿ. ಇವತ್ತಿನ ಯಂತ್ರಗಳು ಹೇಳುವುದು ಸುಮಾರು 31 ಡಿಗ್ರಿ, 74 ಬಾರ್. ಈ ಗಡಿಗೆ ಕ್ರಿಟಿಕಲ್ ಪಾಯಿಂಟ್ ಎಂದು ಹೆಸರು ಕೊಟ್ಟವರೂ ಅವರೇ. 1869ರಲ್ಲಿ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು.

ತಲೆನೋವಿಗೆ ಮದ್ದೂ ಅಲ್ಲೇ ಇತ್ತು. ಪ್ರತಿ ಅನಿಲಕ್ಕೂ ಒಂದು ಗಡಿ ತಾಪಮಾನವಿದೆ. ಅದಕ್ಕಿಂತ ಬಿಸಿ ಇದ್ದರೆ ಎಷ್ಟೇ ಅದುಮಿದರೂ ದ್ರವವಾಗಿ ಬೇರ್ಪಡುವುದಿಲ್ಲ, ಮೊದಲು ತಣ್ಣಗಾಗಿಸಬೇಕು. 1877ರಲ್ಲಿ ಆಮ್ಲಜನಕವನ್ನು ಮೊದಲ ಬಾರಿಗೆ ದ್ರವ ಮಾಡಿದ್ದು ಹೀಗೆ ತೀವ್ರವಾಗಿ ತಣಿಸಿಯೇ. ಇವತ್ತು ದೊಡ್ಡ ಆಸ್ಪತ್ರೆಗಳ ಹಿತ್ತಲಲ್ಲಿ ಕಾಣುವ ಲಿಕ್ವಿಡ್ ಆಕ್ಸಿಜನ್ ಟ್ಯಾಂಕಿನ ಬೇರು ಈ ತಿಳಿವಳಿಕೆಯಲ್ಲಿದೆ.

ಆರೋಗ್ಯ ಕೈಕೊಟ್ಟು 1879ರಲ್ಲಿ ಆಂಡ್ರ್ಯೂಸ್ ಕೆಲಸ ಬಿಟ್ಟರು. ಮರುವರ್ಷ ಸರ್ ಪದವಿ ಕೊಡಲು ಬಂದಾಗ ಬೇಡ ಎಂದರು. 1885ರ ನವೆಂಬರ್ 26ರಂದು ಬೆಲ್‌ಫಾಸ್ಟ್‌ನಲ್ಲೇ ತೀರಿಕೊಂಡರು. ತಮ್ಮ ಕೆಲಸ ಮುಂದೊಂದು ದಿನ ತಂದೆಯ ಬಟ್ಟೆ ಉದ್ಯಮಕ್ಕೇ ಬಂದು ಸೇರುವುದನ್ನು ಅವರು ನೋಡಲಿಲ್ಲ.

ಗಾಜಿನ ಕೊಳವೆಯಿಂದ ಬಣ್ಣದ ಯಂತ್ರಕ್ಕೆ

ಅವರು ಕೆಲಸ ಬಿಟ್ಟ 1879ರಲ್ಲೇ ಹ್ಯಾನೇ ಮತ್ತು ಹೊಗಾರ್ತ್ ಎಂಬ ಇಬ್ಬರು ಇನ್ನೊಂದು ವಿಷಯ ಕಂಡುಕೊಂಡರು. ಈ ಸ್ಥಿತಿಯಲ್ಲಿರುವ ವಸ್ತು ಘನ ಪದಾರ್ಥಗಳನ್ನು ಕರಗಿಸಿಕೊಳ್ಳುತ್ತದೆ, ಒತ್ತಡ ಇಳಿಸಿದರೆ ಅವನ್ನು ಪುಡಿಯಾಗಿ ಉದುರಿಸಿಬಿಡುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಇದೇ ಗುಣ ಬಳಸುತ್ತಾರೆ. ಮಸಾಲೆ ಪದಾರ್ಥಗಳಿಂದ ಸಾರ ತೆಗೆಯುವ ಬಗ್ಗೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಸಂಶೋಧನೆ ನಡೆದಿದೆ.

ಬಟ್ಟೆಗೆ ಬಣ್ಣ ಹಾಕುವ ಪ್ರಯೋಗ ಗಂಭೀರವಾಗಿ ಶುರುವಾದದ್ದು 1980ರ ದಶಕದ ಕೊನೆಯಲ್ಲಿ, ಜರ್ಮನಿಯಲ್ಲಿ. 2010ರ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನ ಡೈಕೂ ಕಂಪನಿ ಕಾರ್ಖಾನೆಗೆ ಬೇಕಾದ ಯಂತ್ರ ತಂದಿತು. ದಪ್ಪ ಉಕ್ಕಿನ ಪಾತ್ರೆಯಲ್ಲಿ ಬಟ್ಟೆಯ ಸುರುಳಿ ಮತ್ತು ಬಣ್ಣದ ಪುಡಿ ಇಡುತ್ತಾರೆ. ಕಾರ್ಬನ್ ಡೈಆಕ್ಸೈಡನ್ನು ಸುಮಾರು 120 ಡಿಗ್ರಿ, 250 ಬಾರ್‌ಗೆ ಏರಿಸಿ ಹಾಯಿಸುತ್ತಾರೆ. ಅದು ಬಣ್ಣವನ್ನು ಕರಗಿಸಿಕೊಂಡು ನೂಲಿನ ಒಳಗೇ ಹೊಗುತ್ತದೆ. ಒತ್ತಡ ಇಳಿಸಿದಾಗ ಅನಿಲವಾಗಿ ಹೊರಬರುತ್ತದೆ, ಅದರ ಬಹುಪಾಲನ್ನು ಮತ್ತೆ ಹಿಡಿದು ಬಳಸುತ್ತಾರೆ. ಬಟ್ಟೆ ಒದ್ದೆಯೇ ಆಗಿರುವುದಿಲ್ಲವಾದ್ದರಿಂದ ಒಣಗಿಸುವ ಖರ್ಚೂ ಇಲ್ಲ.

ಇದು ನಮಗೇಕೆ ಮುಖ್ಯ?

ಮಾಮೂಲಿ ವಿಧಾನದಲ್ಲಿ ಒಂದು ಕಿಲೋ ಬಟ್ಟೆಯ ಸಂಸ್ಕರಣೆಗೆ 100 ಲೀಟರ್‌ಗೂ ಹೆಚ್ಚು ನೀರು ಬೇಕಾಗಬಹುದು. ಆ ಬಣ್ಣದ ನೀರು ಎಲ್ಲಿಗಾದರೂ ಹೋಗಲೇಬೇಕು. ತಮಿಳುನಾಡಿನ ತಿರುಪ್ಪೂರಿನಲ್ಲಿ ಅದು ನೊಯ್ಯಲ್ ನದಿಗೆ ಹೋಯಿತು. ನೊಯ್ಯಲ್ ಸೇರುವುದು ನಮ್ಮದೇ ಕಾವೇರಿಯನ್ನು. ಅಚ್ಚುಕಟ್ಟಿನ ರೈತರ ಹೊಲ, ಬಾವಿ ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು, ದುಡಿಯುವವರ ಹೊಟ್ಟೆಗೂ ಪೆಟ್ಟು ಬಿತ್ತು. ಹೊಲವೂ ಉಳಿಯಬೇಕು, ಕೂಲಿಯೂ ಉಳಿಯಬೇಕು ಅಂದರೆ ಇಂಥ ದಾರಿಗಳನ್ನು ಹುಡುಕಲೇಬೇಕು.

ಹಾಗಾದರೆ ಫಾರ್ವರ್ಡ್ ನಿಜವೇ?

ನೀರಿಲ್ಲದೆ ಬಣ್ಣ ಹಾಕಬಹುದು: ನಿಜ. ಆದರೆ ಈಗ ಇದು ಚೆನ್ನಾಗಿ ನಡೆಯುವುದು ಪಾಲಿಯೆಸ್ಟರ್ ಮೇಲೆ. ಆಟದ ಜೆರ್ಸಿ, ಟ್ರ್ಯಾಕ್ ಪ್ಯಾಂಟ್‌ನಂಥವು. ಯಂತ್ರವೂ ದುಬಾರಿ.

ಮೈಸೂರು ಸಿಲ್ಕ್‌ಗೆ ಇನ್ನು ನೀರು ಬೇಡ: ಸುಳ್ಳು. ರೇಷ್ಮೆ, ಹತ್ತಿಗೆ ಹಿಡಿಯುವ ಮಾಮೂಲಿ ಬಣ್ಣಗಳು ನೀರಿನಲ್ಲಿ ಕರಗುವಂಥವು, ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ರೇಷ್ಮೆಯ ಅಂಟು ತೆಗೆಯಲು ಹೇಗೂ ಬಿಸಿನೀರು, ಸೋಪು ಬೇಕು. ಸಂಶೋಧನೆ ನಡೆಯುತ್ತಿದೆ, ಅಷ್ಟೇ.

ಬಟ್ಟೆಯಲ್ಲಿ ಗ್ಯಾಸ್ ಉಳಿದು ಚರ್ಮ ಹಾಳಾಗುತ್ತದೆ: ಸುಳ್ಳು. ಒತ್ತಡ ಇಳಿದ ಕೂಡಲೇ ಅದು ಹಾರಿಹೋಗುತ್ತದೆ. ಸೋಡಾ ಗುಳ್ಳೆಯಲ್ಲಿರುವುದೂ, ನಾವು ಉಸಿರು ಬಿಡುವುದೂ ಇದೇ ಅನಿಲ.

ಕೊನೆಯದಾಗಿ ಒಂದು ಮಾತು. ಕುತೂಹಲಕ್ಕೆ ಅಪಾರ್ಟ್‌ಮೆಂಟಿನ ಕೆಂಪು ಸಿಲಿಂಡರ್ ಪಿನ್ ಎಳೆಯಬೇಡಿ, ಮಕ್ಕಳಿಗೂ ಬಿಡಬೇಡಿ. ಮುಂದಿನ ಏಪ್ರಿಲ್‌ನಲ್ಲಿ ಅದರ ಪಕ್ಕ ಹಾದುಹೋಗುವಾಗ, ಒಳಗಿನ ಗೆರೆ ಮಾಯವಾಗಿದೆ ಎಂದು ಮಕ್ಕಳಿಗೆ ಹೇಳಿ. ಆ ಫಾರ್ವರ್ಡ್ ಮತ್ತೆ ಬಂದರೆ, ಕೆಳಗೆ ಈ ಲೇಖನವನ್ನೂ ಸೇರಿಸಿ ಕಳಿಸಿ.