ಟಾಲ್‌ಸ್ಟಾಯ್ ಮತ್ತು ಅವರ ಓದುಗ

1828ರಲ್ಲಿ ರಷ್ಯದ ಯಾಸ್ನಾಯ ಪೊಲ್ಯಾನದಲ್ಲಿ ಜನಿಸಿದ ಲಿಯೊ ಟಾಲ್‌ಸ್ಟಾಯ್ ಅವರನ್ನು ನಾವು ಮಹಾ ಕಾದಂಬರಿಕಾರರೆಂದು ಬಲ್ಲೆವು. ಮುಪ್ಪಿನಲ್ಲಿ ದೇಶವಿದೇಶಗಳ ಓದುಗರ ಓಲೆಗಳು ಅವರ ಮನೆಗೆ ಬರುತ್ತಲೇ ಇದ್ದವು. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರ ಗ್ರಂಥವೊಂದನ್ನೋದಿ ಮನಸೋತಿದ್ದ ಗಾಂಧೀಜಿ, 1909ರ ಅಕ್ಟೋಬರ್ 1ರಂದು ಲಂಡನ್ನಿನಿಂದ ಪತ್ರ ಬರೆದು ಟ್ರಾನ್ಸ್‌ವಾಲಿನ ಭಾರತೀಯರ ಕಷ್ಟವನ್ನು ತಿಳಿಸಿದರು. ಎಂಬತ್ತೊಂದರ ಆ ವೃದ್ಧರು ಮುಖಪರಿಚಯವಿಲ್ಲದ ಓದುಗನಿಗೆ ವಾರದೊಳಗೆ ಉತ್ತರಿಸಿದರು. 1910ರಲ್ಲಿ ಜೊಹಾನ್ಸ್‌ಬರ್ಗ್ ಬಳಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ತೆರೆದ ನೆಲೆಗೆ ಟಾಲ್‌ಸ್ಟಾಯ್ ಫಾರಂ ಎಂದೇ ಹೆಸರಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾಂಧೀಜಿಗೆ ದೀರ್ಘ ಪತ್ರವೊಂದನ್ನು ಬರೆದ ಟಾಲ್‌ಸ್ಟಾಯ್ ನವೆಂಬರಿನಲ್ಲಿ ತೀರಿಕೊಂಡರು. ಇಬ್ಬರೂ ಭೇಟಿಯಾಗಲೇ ಇಲ್ಲ. ಕಾಗದವೇ ಅವರನ್ನು ಬೆಸೆದಿತ್ತು. ತಾಯ್ನಾಡಿನಿಂದ ದೂರವಿದ್ದು ಕನ್ನಡ ಪುಸ್ತಕಗಳನ್ನೋದುವ ನಾವು ಮೆಚ್ಚಿದ ಲೇಖಕರಿಗೆ ನಾಲ್ಕು ಸಾಲು ಬರೆಯಲು ಸಂಕೋಚಪಡುವುದೇಕೆ?