ವಾಚಕರನ್ನು ಸಂಪಾದಿಸಿದ ರಿಚರ್ಡ್ ಸ್ಟೀಲ್

ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಕೈಪಿಡಿಗಳಲ್ಲಿ ಅಡಿಸನ್ ಮತ್ತು ಸ್ಟೀಲ್ ಎಂಬ ಹೆಸರುಗಳು ಜೋಡಿ ಎತ್ತುಗಳಂತೆ ಒಂದೇ ನೊಗ ಹೊತ್ತು ಬರುತ್ತವೆ. ನೊಗ ಇಳಿಸಿದ ಮೇಲೆ ಹುರುಳಿ ಮಾತ್ರ ಅಡಿಸನ್ನನ ಪಾಲಿಗೇ ಬೀಳುವುದು ವಾಡಿಕೆ. ಗದ್ಯದ ನಯವನ್ನೂ ಹಾಸ್ಯದ ಹದವನ್ನೂ ಒರೆಗಲ್ಲಾಗಿ ಹಿಡಿದರೆ ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಕೇಳಬೇಕಾದ ಬೇರೊಂದು ಪ್ರಶ್ನೆ ಉಂಟು. ಒಬ್ಬ ಮನುಷ್ಯನು ತನ್ನ ಕೋಣೆಯಲ್ಲಿ ಕುಳಿತು, ತನಗೆ ಕಂಡದ್ದನ್ನು ತನ್ನ ಮಾತಿನಲ್ಲಿ ಬರೆದು, ವಾರ ವಾರವೂ ಊರ ಮುಂದೆ ಇಟ್ಟರೆ ಅದನ್ನು ಕಾದು ಕುಳಿತು ಓದುವ ಜನರನ್ನು ಮೊದಲು ಹುಟ್ಟಿಸಿದವನು ಯಾರು? ಈ ಪ್ರಶ್ನೆಗೆ ಉತ್ತರ ಸ್ಟೀಲನೇ ಎಂದು ನನ್ನ ಎಣಿಕೆ. ವಾಚಕರನ್ನು ಅವನು ಹೇಗೆ ಗಳಿಸಿದನೆಂಬುದು ಎಷ್ಟು ಸ್ವಾರಸ್ಯವೋ, ಗಳಿಸಿದವರನ್ನು ಹೇಗೆ ಕಳೆದುಕೊಂಡನೆಂಬುದೂ ಅಷ್ಟೇ ಸ್ವಾರಸ್ಯ.

ರಿಚರ್ಡ್ ಸ್ಟೀಲನು 1672ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದನು. ಮಗನಿಗೆ ಐದು ತುಂಬುವ ಮುನ್ನವೇ ತಂದೆ ತೀರಿಕೊಂಡನು. ಬಂಧುಗಳ ಆಶ್ರಯದಲ್ಲಿ ಬೆಳೆದ ಹುಡುಗನು ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯನ್ನು ಸೇರಿದನು. ಅಲ್ಲಿ ಓರಗೆಯವನಾದ ಜೋಸೆಫ್ ಅಡಿಸನ್ನನ ಸ್ನೇಹವಾಯಿತು. ಇಬ್ಬರೂ ಆಕ್ಸ್‌ಫರ್ಡಿಗೆ ಹೋದರು. ಅಡಿಸನ್ನನು ವಿದ್ವಾಂಸನಾದನು, ಸ್ಟೀಲನು ಪದವಿಯನ್ನು ಪಡೆಯದೆಯೇ ಸೈನ್ಯಕ್ಕೆ ಸೇರಿದನು. ಒಂದು ದ್ವಂದ್ವಯುದ್ಧದಲ್ಲಿ ಎದುರಾಳಿಯನ್ನು ಸಾವಿನ ಅಂಚಿಗೆ ತಳ್ಳಿ, ಆ ಬಳಿಕ ಜೀವಮಾನವೆಲ್ಲ ಆ ದುಷ್ಟ ಪದ್ಧತಿಯ ವಿರುದ್ಧ ಬರೆದನು. ದಂಡಿನ ಬಿಡಾರದಲ್ಲಿ ಕುಡಿತ ಕೂಟಗಳ ನಡುವೆ ತನ್ನನ್ನು ತಾನೇ ತಿದ್ದಿಕೊಳ್ಳಲೆಂದು ‘ದಿ ಕ್ರಿಶ್ಚಿಯನ್ ಹೀರೋ’ ಎಂಬ ನೀತಿಗ್ರಂಥವನ್ನು ಬರೆದು 1701ರಲ್ಲಿ ಪ್ರಕಟಿಸಿದನು. ಪರಿಣಾಮ ವಿಚಿತ್ರವಾಯಿತು. ಸಂಗಡಿಗರು ಅವನನ್ನು ಕಂಡರೆ ಮುಖ ತಿರುಗಿಸತೊಡಗಿದರು. ನೀತಿ ಹೇಳುವವನ ಪಕ್ಕದಲ್ಲಿ ಕುಳಿತುಕೊಳ್ಳುವುದು ಯಾರಿಗೆ ಹಿತ? ಕಳೆದುಹೋದ ಆದರವನ್ನು ಮರಳಿ ಪಡೆಯಲು ಅದೇ ವರ್ಷ ‘ದಿ ಫ್ಯೂನರಲ್’ ಎಂಬ ಪ್ರಹಸನವನ್ನು ಬರೆದು ರಂಗಕ್ಕೆ ತಂದನು. ಜನ ನಕ್ಕರು, ಮತ್ತೆ ಹತ್ತಿರ ಬಂದರು. ಮುಂದೆ ಪತ್ರಿಕೆಯಲ್ಲಿ ಅವನು ಉಪಯೋಗಿಸಿದ ಮದ್ದಿನ ಅನುಪಾನ ಯಾವುದೆಂಬುದು ಇಲ್ಲಿಯೇ ಗೊತ್ತಾಗುತ್ತದೆ.

1707ರಲ್ಲಿ ಸರಕಾರದ ‘ಲಂಡನ್ ಗೆಜೆಟ್’ ಪತ್ರಿಕೆಯನ್ನು ಬರೆಯುವ ಹುದ್ದೆ ಅವನಿಗೆ ದೊರೆಯಿತು. ವರ್ಷಕ್ಕೆ 300 ಪೌಂಡು. ಯಾರ ಮನಸ್ಸಿಗೂ ನೋವಾಗದಂತೆ, ಆದುದರಿಂದ ಯಾರ ಮನಸ್ಸಿಗೂ ಹಿಡಿಸದಂತೆ ಬರೆಯುವುದೇ ಆ ಕೆಲಸದ ಧರ್ಮ. ಯುದ್ಧದ ಸುದ್ದಿ ಯೂರೋಪಿನಿಂದ ಹಡಗಿನಲ್ಲಿ ಬರಬೇಕು. ಗಾಳಿ ಎದುರಾದರೆ ಹಡಗು ಇಲ್ಲ, ಹಡಗು ಇಲ್ಲದಿದ್ದರೆ ಸುದ್ದಿ ಇಲ್ಲ. ಸುದ್ದಿಯನ್ನೇ ನೆಚ್ಚಿಕೊಂಡ ಹಾಳೆಗೆ ಸುದ್ದಿಯಿಲ್ಲದ ದಿನ ಬಾಯಿ ಕಟ್ಟಿದಂತೆಯೇ. ಯಾವ ಗಾಳಿಗೂ ಕಾಯಬೇಕಾಗದ ಸರಕೊಂದು ಬೇಕು ಎಂಬ ಯೋಚನೆ ಸ್ಟೀಲನಿಗೆ ಈ ಕಚೇರಿಯಲ್ಲಿಯೇ ಹೊಳೆದಿರಬೇಕು.

1709ನೆಯ ಇಸವಿ ಏಪ್ರಿಲ್ 12ರಂದು ‘ಟ್ಯಾಟ್ಲರ್’ ಹೊರಬಿದ್ದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹರಟೆಮಲ್ಲ. ಅರ್ಧ ತಾವು ಕಾಗದ, ಎರಡು ಮಗ್ಗುಲಿಗೂ ಒತ್ತಾದ ಅಚ್ಚು. ಮೊದಲ ನಾಲ್ಕು ಸಂಚಿಕೆಗಳು ಪುಕ್ಕಟೆ. ಆಮೇಲೆ ಪ್ರತಿಗೆ ಒಂದು ಪೆನ್ನಿ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ. ಆ ದಿನಗಳನ್ನೇ ಆರಿಸಿದುದು ಸುಮ್ಮನೆ ಅಲ್ಲ; ಲಂಡನ್ನಿನಿಂದ ಹಳ್ಳಿಗಾಡಿಗೆ ಅಂಚೆ ಹೊರಡುತ್ತಿದ್ದ ದಿನಗಳು ಅವು.

ಬರೆದವನ ಹೆಸರು ಐಸಾಕ್ ಬಿಕರ್‌ಸ್ಟಾಫ್ ಎಂದಿತ್ತು. ಈ ಹೆಸರಿಗೆ ಆಗಲೇ ಒಂದು ನಗೆಯ ಕಥೆ ಅಂಟಿಕೊಂಡಿತ್ತು. ಹಿಂದಿನ ವರ್ಷ ಸ್ವಿಫ್ಟನು ಬಿಕರ್‌ಸ್ಟಾಫ್ ಎಂಬ ಕಲ್ಪಿತ ಜೋಯಿಸನ ಹೆಸರಿನಲ್ಲಿ, ಪಾರ್ಟ್ರಿಜ್ ಎಂಬ ಪಂಚಾಂಗದವನು ಮಾರ್ಚ್ 29ರಂದು ಸಾಯುತ್ತಾನೆಂದು ಭವಿಷ್ಯ ಬರೆದನು. ದಿನ ಕಳೆದ ಮೇಲೆ, ಸತ್ತನೆಂದೂ ಪ್ರಕಟಿಸಿಬಿಟ್ಟನು. ಪಾಪ, ಪಾರ್ಟ್ರಿಜನು ತಾನು ಬದುಕಿದ್ದೇನೆಂದು ಎಷ್ಟು ಕೂಗಿಕೊಂಡರೂ ಊರು ನಂಬಲೊಲ್ಲದು. ಹೀಗೆ ಮನೆಮಾತಾಗಿದ್ದ ಹೆಸರನ್ನು ಎರವಲು ಪಡೆದುದರಿಂದ ಹೊಸ ಪತ್ರಿಕೆಗೆ ಮೊದಲ ದಿನವೇ ಜನ ಕಿವಿಗೊಟ್ಟರು. ಆದರೆ ಎರವಲು ಹೆಸರು ಬಾಗಿಲು ತೆರೆಸೀತು; ಒಳಗೆ ಕೂರಿಸಲಾರದು. ಕೂರಿಸಿದ ಕೌಶಲ ಸ್ಟೀಲನದೇ.

ಮೊದಮೊದಲು ಪತ್ರಿಕೆಯನ್ನು ಅವನು ಕಾಫಿಗೃಹಗಳ ಹೆಸರಿನಲ್ಲಿ ಹಂಚಿದ್ದನು. ವಿಲಾಸದ ವಾರ್ತೆ ವೈಟ್‌ನ ಕಾಫಿಗೃಹದಿಂದ, ಕಾವ್ಯವಿಚಾರ ವಿಲ್‌ನ ಕಾಫಿಗೃಹದಿಂದ, ವಿದ್ವತ್ತು ಗ್ರೀಷಿಯನ್‌ನಿಂದ, ದೇಶವಿದೇಶದ ಸುದ್ದಿ ಸೇಂಟ್ ಜೇಮ್ಸ್‌ನಿಂದ. ಈ ಯಾವುದಕ್ಕೂ ಸೇರದ ಮಾತು, ಬಿಕರ್‌ಸ್ಟಾಫನ ಸ್ವಂತ ಕೋಣೆಯಿಂದ. ಸಂಚಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಬೆಳವಣಿಗೆ ಕಣ್ಣಿಗೆ ಹೊಡೆಯುತ್ತದೆ. ಸುದ್ದಿಯ ಭಾಗ ದಿನದಿನಕ್ಕೆ ಸೊರಗುತ್ತ ಹೋಗುತ್ತದೆ; ಸ್ವಂತ ಕೋಣೆಯ ಭಾಗ ಹಿಗ್ಗುತ್ತ ಹಿಗ್ಗುತ್ತ ಕೊನೆಗೆ ಇಡೀ ಹಾಳೆಯನ್ನೇ ವ್ಯಾಪಿಸುತ್ತದೆ. ಸುದ್ದಿಗಾಗಿ ಬಂದವರು ಮನುಷ್ಯನಿಗಾಗಿ ನಿಂತರು.

ಆ ಮನುಷ್ಯನಾದರೋ ಮುದುಕ, ಒಂಟಿ, ಸ್ವಲ್ಪ ಗೊಣಗುವ ಸ್ವಭಾವ. ಒಳಗೆ ಮಾತ್ರ ಬಲು ಮೃದು. ಅವನಿಗೊಬ್ಬ ತಂಗಿ, ಜೆನ್ನಿ. ಅಣ್ಣನಿಲ್ಲದಾಗ ಅವಳೇ ಪತ್ರಿಕೆ ಬರೆದು, ಗಂಡಸರ ಠೀವಿಯನ್ನು ಬಯಲಿಗೆಳೆಯುತ್ತಿದ್ದಳು. ಅವಳ ಮದುವೆ, ಗಂಡನೊಡನೆ ಅವಳ ಮೊದಲ ಜಗಳ, ಇವುಗಳ ಸಮಾಚಾರವೂ ವಾಚಕರಿಗೆ ತಿಳಿಯುತ್ತಿತ್ತು. ಹೆಂಗಸರು ಓದುವರೆಂಬ ನಂಬಿಕೆಯಿಂದ, ಅವರನ್ನು ಬುದ್ಧಿಯುಳ್ಳವರೆಂದು ಎಣಿಸಿ ಬರೆದ ಪತ್ರಿಕೆಗಳು ಅದಕ್ಕೆ ಮುನ್ನ ವಿರಳ.

1710ರ ಜೂನ್ ತಿಂಗಳ ಒಂದು ಸಂಚಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಿಕರ್‌ಸ್ಟಾಫನು ಸತ್ತವರನ್ನು ನೆನೆಯುತ್ತ ಕುಳಿತಿದ್ದಾನೆ. ಐದು ತುಂಬದ ಕೂಸಾಗಿದ್ದಾಗ ತಂದೆ ಸತ್ತದ್ದು ನೆನಪಿಗೆ ಬರುತ್ತದೆ. ಮನೆಯವರು ಯಾರೂ ತನ್ನೊಡನೆ ಆಡುವುದಿಲ್ಲವಲ್ಲ ಎಂಬುದೊಂದೇ ಆ ಮಗುವಿನ ಸೋಜಿಗ. ಕೈಯಲ್ಲಿ ಆಟದ ದಾಂಡು ಹಿಡಿದು ಹೆಣವಿದ್ದ ಕೋಣೆಗೆ ಹೋಗಿ, ಪೆಟ್ಟಿಗೆಯನ್ನು ಬಡಿಯುತ್ತ ಅಪ್ಪನನ್ನು ಕರೆಯುತ್ತದೆ. ತಾಯಿ ಬಂದು ಬಾಚಿ ತಬ್ಬಿಕೊಳ್ಳುತ್ತಾಳೆ. ಈ ನೆನಪು ಕಲ್ಪಿತ ಮುದುಕನದಲ್ಲ, ಸ್ಟೀಲನದೇ. ಸಂಚಿಕೆ ಮುಗಿಯುವ ರೀತಿ ಇನ್ನೂ ಸೊಗಸು. ಯಾರೋ ಒಂದು ಬುಟ್ಟಿ ದ್ರಾಕ್ಷಾರಸ ಕಳಿಸುತ್ತಾರೆ; ಅವನು ಕಣ್ಣೊರಸಿಕೊಂಡು ಗೆಳೆಯರನ್ನು ಕರೆಸುತ್ತಾನೆ; ರಾತ್ರಿ ಎರಡು ಗಂಟೆಯವರೆಗೆ ಕುಡಿಯುತ್ತಾರೆ. ದುಃಖವನ್ನು ಹೇಳಿಯೂ ವಾಚಕನ ಕೊರಳಿಗೆ ಅದನ್ನು ಕಟ್ಟದ ಈ ಸೌಜನ್ಯವನ್ನು ನಾನು ಅಡಿಸನ್ನನಲ್ಲಿ ಕಂಡಿಲ್ಲ.

ಟ್ಯಾಟ್ಲರ್ ಆರಂಭವಾದಾಗ ಅಡಿಸನ್ನನು ಸರಕಾರಿ ಕೆಲಸದ ಮೇಲೆ ಐರ್ಲೆಂಡಿಗೆ ಸಲ್ಲುವವನಾಗಿದ್ದನು. ವರ್ಜಿಲ್ ಕವಿಯನ್ನು ಕುರಿತು ತಾನೇ ಹಿಂದೆ ಗೆಳೆಯನಿಗೆ ಹೇಳಿದ್ದ ಒಂದು ಮಾತು ಪತ್ರಿಕೆಯಲ್ಲಿ ಕಂಡು, ಬರೆಯುವವನು ಸ್ಟೀಲನೇ ಎಂದು ಗುರುತು ಹಿಡಿದನು. ಆಮೇಲೆ ತಾನೂ ಬರೆಯತೊಡಗಿದನು. ಗೆಳೆಯನ ಬರಹ ತನ್ನದಕ್ಕಿಂತ ಮೇಲೆಂದು ಸ್ಟೀಲನು ಬಹಿರಂಗವಾಗಿಯೇ ಒಪ್ಪಿಕೊಂಡನು. ಇಂಥ ಔದಾರ್ಯಕ್ಕೆ ಲೋಕ ಕೊಡುವ ಪ್ರತಿಫಲ ಒಂದೇ: ಅವನ ಮಾತನ್ನು ಅಕ್ಷರಶಃ ನಂಬಿಬಿಡುವುದು!

1711ರ ಜನವರಿ 2ರಂದು, 271 ಸಂಚಿಕೆಗಳಾದ ಮೇಲೆ, ಟ್ಯಾಟ್ಲರ್ ಇದ್ದಕ್ಕಿದ್ದಂತೆ ನಿಂತಿತು. ಮಂತ್ರಿಮಂಡಲ ಬದಲಾಗಿ ಗೆಜೆಟ್ಟಿನ ಹುದ್ದೆ ಆಗಲೇ ಕೈಬಿಟ್ಟಿತ್ತು. ಇದು ನಿಂತ ಮೇಲೆ ಕಾಫಿಗೃಹದವರಿಗೆ ತಮ್ಮ ಗಿರಾಕಿಗಳನ್ನು ಕರೆತರುತ್ತಿದ್ದುದು ಬೇರೆಲ್ಲ ಪತ್ರಿಕೆಗಳಿಗಿಂತ ಬಿಕರ್‌ಸ್ಟಾಫನ ಹಾಳೆಯೇ ಎಂಬುದು ಅರಿವಾಯಿತೆಂದು ಕವಿ ಜಾನ್ ಗೇ ಅದೇ ವರ್ಷ ಬರೆದಿದ್ದಾನೆ.

ಎರಡೇ ತಿಂಗಳಲ್ಲಿ, ಮಾರ್ಚ್ 1ರಂದು, ಇಬ್ಬರೂ ಸೇರಿ ‘ಸ್ಪೆಕ್ಟೇಟರ್’ ಎಂಬ ಪ್ರೇಕ್ಷಕನನ್ನು ಹೊರಡಿಸಿದರು. ಭಾನುವಾರವೊಂದನ್ನು ಬಿಟ್ಟು ಪ್ರತಿದಿನವೂ! ದಿನಕ್ಕೊಂದು ಪ್ರಬಂಧ ಬರೆಯುವುದು ಎಷ್ಟು ಕಷ್ಟವೆಂಬುದು ವಾರಕ್ಕೊಂದು ಬರೆದವರಿಗೆ ಗೊತ್ತು. ನಮ್ಮ ಕಾಲೇಜುಗಳಲ್ಲಿ ಒಂದು ಕಾಲಕ್ಕೆ ಇಂಗ್ಲಿಷ್ ಪಠ್ಯವಾಗಿದ್ದ ಸರ್ ರೋಜರ್ ಡಿ ಕವರ್ಲಿ ಎಂಬ ಹಳ್ಳಿಯ ಜಮೀನುದಾರ ಈ ಪತ್ರಿಕೆಯ ಮಗನೇ. ಅವನನ್ನು ಎರಡನೆಯ ಸಂಚಿಕೆಯಲ್ಲಿ ಹೆತ್ತವನು ಸ್ಟೀಲ್, ಸಾಕಿ ಬೆಳೆಸಿದವನು ಅಡಿಸನ್. ಹತ್ತನೆಯ ಸಂಚಿಕೆಯ ಹೊತ್ತಿಗೆ ದಿನಕ್ಕೆ 3,000 ಪ್ರತಿ ಹೋಗುತ್ತಿತ್ತೆಂದೂ, ಒಂದೊಂದು ಪ್ರತಿಗೆ ಇಪ್ಪತ್ತು ಮಂದಿ ಓದುಗರೆಂದೂ ಅಡಿಸನ್ನನು ಲೆಕ್ಕ ಹಾಕಿದನು. ಬೆಳಗಿನ ಚಹಾ ರೊಟ್ಟಿಯ ಜೊತೆ ಪತ್ರಿಕೆಯೂ ಮೇಜಿನ ಮೇಲಿರಲಿ ಎಂದು ಸಂಸಾರಗಳಿಗೆ ಸಲಹೆಯನ್ನೂ ಕೊಟ್ಟನು. ಎಷ್ಟೋ ವರ್ಷಗಳ ಅನಂತರ, 1750ರಲ್ಲಿ, ಮಹಾಪಂಡಿತ ಜಾನ್ಸನ್ನನು ‘ರ‍್ಯಾಂಬ್ಲರ್’ ಎಂಬ ಪ್ರಬಂಧಪತ್ರಿಕೆಯನ್ನು ಹೊರಡಿಸಿದಾಗ ಅದರ ಮಾರಾಟ ಐನೂರನ್ನು ದಾಟಲಿಲ್ಲವೆಂದು ಹೇಳುತ್ತಾರೆ. ಪಾಂಡಿತ್ಯದ ಕೊರತೆಯಿಂದ ಹಾಗಾಯಿತೆನ್ನಲು ಯಾರಿಗೂ ಬಾಯಿ ಬಾರದು.

ಸ್ಪೆಕ್ಟೇಟರಿನಲ್ಲಿ ಸ್ಟೀಲನ ವಿಶೇಷವೆಂದರೆ ವಾಚಕರ ಪತ್ರಗಳು. ಗಂಡನ ಜಿಪುಣತನ, ಸೇವಕಿಯ ಗೋಳು, ಪ್ರೇಮಿಯ ಸಂದೇಹ, ಇವೆಲ್ಲ ಪತ್ರರೂಪದಲ್ಲಿ ಬರುತ್ತಿದ್ದವು. ಅವನು ಅವಕ್ಕೆ ಇಡೀ ಸಂಚಿಕೆಯನ್ನೇ ಬಿಟ್ಟುಕೊಡುತ್ತಿದ್ದನು. ಕೆಲವು ಪತ್ರಗಳನ್ನು ಸಂಪಾದಕರೇ ಹೆಣೆದದ್ದುಂಟು, ಸುಳ್ಳಲ್ಲ. ಒಮ್ಮೆಯಂತೂ ತಾನು ಹೆಂಡತಿಗೆ ಮದುವೆಗೆ ಮೊದಲು ಬರೆದ ಪ್ರಣಯಪತ್ರಗಳನ್ನೇ ಹೆಸರು ಬದಲಿಸಿ ಅಚ್ಚು ಮಾಡಿಬಿಟ್ಟನು. ಆದರೆ ನಿಜವಾದ ಪತ್ರಗಳೂ ರಾಶಿ ಬೀಳುತ್ತಿದ್ದವು. ತನ್ನ ಮಾತು ನಾಳೆ ಅಚ್ಚಿನಲ್ಲಿ ಬಂದೀತೆಂಬ ಆಸೆಯಿದ್ದವನು ನಾಳೆಯ ಸಂಚಿಕೆಯನ್ನು ಕೊಳ್ಳದೆ ಇರುವನೇ?

ಹನ್ನೊಂದನೆಯ ಸಂಚಿಕೆಯಲ್ಲಿ ಸ್ಟೀಲನು ಹೇಳಿದ ಇಂಕಲ್ ಮತ್ತು ಯಾರಿಕೋ ಕಥೆ ಯೂರೋಪಿನಲ್ಲೆಲ್ಲ ಹಬ್ಬಿತು. ತನ್ನ ಪ್ರಾಣ ಉಳಿಸಿ ಪ್ರೀತಿಸಿದ ಆದಿವಾಸಿ ಹೆಣ್ಣನ್ನು ಒಬ್ಬ ಇಂಗ್ಲಿಷ್ ವ್ಯಾಪಾರಿ ಬಾರ್ಬಡೋಸ್ ದ್ವೀಪದಲ್ಲಿ ಗುಲಾಮಳಾಗಿ ಮಾರುವ ಕಥೆ ಅದು. ಓದಿ ಕಣ್ಣೀರಿಟ್ಟವರಿಗೆ ತಿಳಿಯದಿದ್ದ ಸಂಗತಿಯೊಂದಿದೆ. ಸ್ಟೀಲನ ಮೊದಲ ಹೆಂಡತಿಯ ಕಡೆಯಿಂದ ಅವನಿಗೆ ಬಂದ ಆಸ್ತಿ ಅದೇ ಬಾರ್ಬಡೋಸಿನ, ಗುಲಾಮರ ದುಡಿಮೆಯ ಕಬ್ಬಿನ ತೋಟ. ಸ್ವಂತ ಕೋಣೆಯ ಎಲ್ಲ ಕಿಟಕಿಗಳನ್ನೂ ಅವನು ತೆರೆದಿರಲಿಲ್ಲ.

1712ರ ಆಗಸ್ಟ್ 1ರಿಂದ ಪ್ರತಿ ಅರ್ಧ ತಾವಿಗೆ ಅರ್ಧ ಪೆನ್ನಿ ಮುದ್ರಾಂಕ ತೆರಿಗೆ ಬಿದ್ದಿತು. ಎಷ್ಟೋ ಪತ್ರಿಕೆಗಳು ಸತ್ತವು. ಸ್ಪೆಕ್ಟೇಟರ್ ಬೆಲೆಯನ್ನು ಎರಡು ಪೆನ್ನಿಗೆ ಏರಿಸಿ ಉಳಿಯಿತು, ಮಾರಾಟ ಮಾತ್ರ ತಗ್ಗಿತು. ಡಿಸೆಂಬರ್ 6ರಂದು 555ನೆಯ ಸಂಚಿಕೆಯಲ್ಲಿ ಸ್ಟೀಲನು ತನ್ನ ನಿಜನಾಮದಿಂದ ಸಹಿ ಮಾಡಿ ವಾಚಕರನ್ನು ಬೀಳ್ಕೊಟ್ಟನು. ಅಷ್ಟರಲ್ಲಿ ಹಿಂದಿನ ಸಂಚಿಕೆಗಳ ಸಂಪುಟಗಳು ಒಂದೊಂದೂ ಒಂಬತ್ತು ಸಾವಿರಕ್ಕೆ ಮೇಲೆ ಮಾರಾಟವಾಗಿದ್ದವು.

ಇಲ್ಲಿಗೆ ಅವನ ಭಾಗ್ಯದ ದಿನಗಳು ಮುಗಿದವು. 1713ರ ಮಾರ್ಚಿನಲ್ಲಿ ‘ಗಾರ್ಡಿಯನ್’ ಪತ್ರಿಕೆ ಆರಂಭವಾಯಿತು. ಬಟನ್ನನ ಕಾಫಿಗೃಹದಲ್ಲಿ ಸಿಂಹದ ತಲೆಯೊಂದನ್ನು ನಿಲ್ಲಿಸಿ, ವಾಚಕರು ಅದರ ಬಾಯಿಗೆ ಪತ್ರ ಹಾಕುವ ಏರ್ಪಾಡೂ ಆಯಿತು. ಆದರೆ ಆಗಸ್ಟ್ 7ರ ಸಂಚಿಕೆಯಲ್ಲಿ, ಡಂಕರ್ಕಿನ ಕೋಟೆಯನ್ನು ಸಂಧಿಯ ಕರಾರಿನಂತೆ ಕೆಡವಬೇಕೆಂದು ಸ್ಟೀಲನು ಸರಕಾರಕ್ಕೆ ನೇರವಾಗಿ ಸವಾಲು ಹಾಕಿದನು. ಹಳೆಯ ಗೆಳೆಯ ಸ್ವಿಫ್ಟನೇ ಎದುರು ಪಕ್ಷದಿಂದ ಅವನ ಮೇಲೆ ಹರಿಹಾಯ್ದನು. ಅಕ್ಟೋಬರಿನಲ್ಲಿ ಗಾರ್ಡಿಯನ್ ನಿಂತು, ‘ಇಂಗ್ಲಿಷ್‌ಮನ್’ ಎಂಬ ನಿಚ್ಚಳ ರಾಜಕೀಯ ಪತ್ರಿಕೆ ಬಂದಿತು. ಪಾರ್ಲಿಮೆಂಟಿಗೆ ಆರಿಸಿ ಬಂದಿದ್ದ ಸ್ಟೀಲನನ್ನು, ‘ದಿ ಕ್ರೈಸಿಸ್’ ಮೊದಲಾದ ಬರಹಗಳಿಗಾಗಿ 1714ರ ಮಾರ್ಚಿನಲ್ಲಿ ಸಭೆಯಿಂದ ಹೊರಹಾಕಿದರು. ಪ್ರಜೆಯಾಗಿ ಅವನು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅಧಿಕಾರದ ಮುಂದೆ ನಿಂತು ಹೇಳುವುದನ್ನು ಹೇಳಿದನು. ಆದರೆ ಟ್ಯಾಟ್ಲರಿನ ಮೇಜಿನ ಸುತ್ತ ಎರಡು ಪಕ್ಷದವರೂ ಕುಳಿತಿದ್ದರು. ಬಿಕರ್‌ಸ್ಟಾಫನು ಎಲ್ಲರಿಗೂ ಚಿಕ್ಕಪ್ಪ. ಪಾರ್ಲಿಮೆಂಟಿನ ಸದಸ್ಯ ಸ್ಟೀಲನು ಅರ್ಧ ಊರಿಗೆ ಹಗೆ.

ರಾಜ ಬದಲಾದ ಮೇಲೆ 1715ರಲ್ಲಿ ಅವನಿಗೆ ಸರ್ ಪದವಿ ಬಂದಿತು, ಡ್ರೂರಿ ಲೇನ್ ನಾಟಕಶಾಲೆಯ ಆಡಳಿತವೂ ದೊರೆಯಿತು. ಸಾಲ ಮಾತ್ರ ತೀರಲಿಲ್ಲ. ಪ್ರೂ ಎಂದು ಅವನು ಕರೆಯುತ್ತಿದ್ದ ಎರಡನೆಯ ಹೆಂಡತಿ ಮೇರಿಗೆ ಕಚೇರಿಯಿಂದ, ಕಾಫಿಗೃಹದಿಂದ, ಸಾಲಗಾರರಿಗೆ ಹೆದರಿ ಅಡಗಿದ ಮನೆಯಿಂದ ಚೀಟಿಗಳನ್ನು ಬರೆಯುತ್ತಿದ್ದನು: ಊಟಕ್ಕೆ ಬರಲಾಗುವುದಿಲ್ಲ, ಕೋಪ ಬೇಡ. ಆಕೆ ನಾನೂರು ಚೀಟಿಗಳನ್ನು ಜೋಪಾನ ಮಾಡಿದಳು; 1787ರಲ್ಲಿ ಅವು ಅಚ್ಚಾದವು. 1718ರ ಡಿಸೆಂಬರಿನಲ್ಲಿ ಪ್ರೂ ತೀರಿಕೊಂಡಳು.

ಮರುವರ್ಷ ಶ್ರೀಮಂತರ ಸಭೆಯ ಮಸೂದೆಯೊಂದರ ಮೇಲೆ ಸ್ಟೀಲನೂ ಅಡಿಸನ್ನನೂ ಎದುರು ಬದುರು ಪತ್ರಿಕೆಗಳಲ್ಲಿ ಕಾದಾಡಿದರು. ಸಣ್ಣ ಮಾತುಗಳೂ ಬಂದವು. ರಾಜಿಯಾಗುವ ಮೊದಲೇ, 1719ರ ಜೂನ್ 17ರಂದು, ಅಡಿಸನ್ನನು ಸತ್ತನು. ಅಡಿಸನ್ನನ ಶಿಷ್ಯನಾದ ಟಿಕೆಲ್ ಎಂಬುವನು ಗುರುವಿನ ಕೃತಿಗಳನ್ನು 1721ರಲ್ಲಿ ಪ್ರಕಟಿಸಿದಾಗ, ಸ್ಟೀಲನು ಗೆಳೆಯನ ಕೀರ್ತಿಯನ್ನು ತನ್ನದೆಂದು ಸಾಗಿಸಿಕೊಂಡನೋ ಎಂಬಂತೆ ಮುನ್ನುಡಿಯಲ್ಲಿ ಸೂಚಿಸಿದನು. ಸ್ಟೀಲನು ಉತ್ತರ ಕೊಟ್ಟನು. ಆ ಉತ್ತರದಲ್ಲಿಯೂ ಅಡಿಸನ್ನನನ್ನು ಹೊಗಳುವುದನ್ನು ಬಿಡಲಿಲ್ಲ.

1722ರಲ್ಲಿ ‘ದಿ ಕಾನ್ಷಸ್ ಲವರ್ಸ್’ ನಾಟಕ ಗೆದ್ದಿತು. ಎರಡು ವರ್ಷದ ಮೇಲೆ ಅವನು ಲಂಡನ್ನನ್ನು ಬಿಟ್ಟು, ಹೆಂಡತಿಯ ನಾಡಾದ ವೇಲ್ಸಿಗೆ ಹೋಗಿ ನೆಲೆಸಿದನು. ಅವನು ಬಿಟ್ಟುಬಂದ ಊರಿನಲ್ಲಿ ಚಾರ್ಲ್ಸ್ ಲಿಲ್ಲಿ ಎಂಬ ಸುಗಂಧದ್ರವ್ಯದ ವ್ಯಾಪಾರಿ ಇದ್ದನು. ಟ್ಯಾಟ್ಲರ್ ಮತ್ತು ಸ್ಪೆಕ್ಟೇಟರ್ ಪತ್ರಿಕೆಗಳನ್ನು ತನ್ನ ಅಂಗಡಿಯಲ್ಲಿ ಮಾರುತ್ತಿದ್ದವನು. ವಾಚಕರು ಬರೆದು, ಸ್ಥಳ ಸಾಲದೆ ಅಚ್ಚಾಗದೆ ಉಳಿದಿದ್ದ ಪತ್ರಗಳನ್ನು ಅವನು ಸ್ಟೀಲನ ಒಪ್ಪಿಗೆ ಪಡೆದು 1725ರಲ್ಲಿ ಪ್ರಕಟಿಸಿದನು. ಅವು ಎರಡು ಸಂಪುಟಗಳಾದವು. ಪಾರ್ಶ್ವವಾಯು ಬಡಿದು ಮಲಗಿದ್ದ ಸ್ಟೀಲನು 1729ರ ಸೆಪ್ಟೆಂಬರ್ 1ರಂದು ಕಾರ್ಮಾರ್ಥನ್ ಊರಿನಲ್ಲಿ ತೀರಿಕೊಂಡನು.