ಕನ್ನಡ ಕುಲಪುರೋಹಿತ ಶ್ರೀ ಆಲೂರು ವೆಂಕಟರಾಯರು (1880–1964)

ಪೀಠಿಕೆ

ಇಂದು ಬೀದರಿನಿಂದ ಚಾಮರಾಜನಗರದವರೆಗೆ ರಾಜ್ಯ ಸರ್ಕಾರದ ಯಾವುದೇ ಕಚೇರಿಯಲ್ಲಿ ನಾಗರಿಕರು ಕನ್ನಡದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ನೂರು ವರ್ಷಗಳ ಹಿಂದೆ ಈ ಅನುಕೂಲವು ಎಲ್ಲ ಕನ್ನಡಿಗರಿಗೂ ಇರಲಿಲ್ಲ. ಕನ್ನಡನಾಡು ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳು, ಕೊಡಗು ಹಾಗೂ ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂತಹ ಸಣ್ಣ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ಹೈದರಾಬಾದಿನಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಧಾರವಾಡ ಭಾಗದ ವಿದ್ಯಾವಂತರಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಒಂದೇ ಭಾಷೆಯನ್ನಾಡುವ ಜನರು ತಮ್ಮನ್ನು ತಾವು ಆಯಾ ಪ್ರಾಂತ ಅಥವಾ ಸಂಸ್ಥಾನದವರೆಂದು ಭಾವಿಸುತ್ತಿದ್ದರೇ ಹೊರತು ಒಂದು ನಾಡಿನವರೆಂದು ಭಾವಿಸುತ್ತಿರಲಿಲ್ಲ. ಈ ಮನೋಭಾವವನ್ನು ಬದಲಾಯಿಸಲು ತಮ್ಮ ಜೀವಮಾನವನ್ನು ಮುಡಿಪಾಗಿಟ್ಟವರು ಶ್ರೀ ಆಲೂರು ವೆಂಕಟರಾಯರು.

ಜನನ ಮತ್ತು ವಿದ್ಯಾಭ್ಯಾಸ

ವೆಂಕಟರಾಯರು 1880ರ ಜುಲೈ 12ರಂದು ವಿಜಯಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮುಗಿಸಿ, ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಪುಣೆಯಲ್ಲಿದ್ದಾಗ ಮಹಾರಾಷ್ಟ್ರದ ಜನರು ತಮ್ಮ ಇತಿಹಾಸದ ಬಗ್ಗೆ ಹೊಂದಿದ್ದ ಅಭಿಮಾನವನ್ನು ಹತ್ತಿರದಿಂದ ಕಂಡಿದ್ದರು. 1905ರಲ್ಲಿ ಹಂಪಿ ಮತ್ತು ಆನೆಗೊಂದಿಯ ಅವಶೇಷಗಳನ್ನು ನೋಡಿದುದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಇಷ್ಟು ದೊಡ್ಡ ಇತಿಹಾಸವುಳ್ಳ ಜನರು ತಮ್ಮ ನಾಡಿನ ಹೆಸರನ್ನೂ ಮರೆತಿರುವುದು ಅವರನ್ನು ತೀವ್ರವಾಗಿ ಕಾಡಿತು. ಮುಂದೆ ಅವರು ವಕೀಲಿ ವೃತ್ತಿಯನ್ನು ತ್ಯಜಿಸಿ ನಾಡಿನ ಕಾರ್ಯಕ್ಕೆ ನಿಂತರು.

ಮನಸ್ಸುಗಳ ಏಕೀಕರಣ

ಭೂಪಟದಲ್ಲಿ ನಾಡು ಒಂದಾಗುವ ಮೊದಲು ಜನರ ಮನಸ್ಸಿನಲ್ಲಿ ಒಂದಾಗಬೇಕು ಎಂಬುದು ವೆಂಕಟರಾಯರ ದೃಢವಾದ ನಂಬಿಕೆಯಾಗಿತ್ತು. ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಮೂಲಕ ಅವರು ಈ ವಿಚಾರವನ್ನು ಪ್ರಚಾರ ಮಾಡಿದರು. ಬೇರೆ ಬೇರೆ ಆಡಳಿತಗಳಿಗೆ ಸೇರಿದ ಕನ್ನಡ ಲೇಖಕರು ಪರಸ್ಪರ ಮುಖಾಮುಖಿಯಾಗಿ ಪರಿಚಯವಾಗಲೆಂದು ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನ ನಡೆಸಲು ಶ್ರಮಿಸಿದರು. 1917ರಲ್ಲಿ ಪ್ರಕಟವಾದ ಅವರ ಕರ್ನಾಟಕ ಗತವೈಭವ ಗ್ರಂಥವು ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಅರಸರ ಇತಿಹಾಸವನ್ನು ಎಲ್ಲ ಕನ್ನಡಿಗರ ಸಮಾನ ಆಸ್ತಿಯೆಂದು ಮುಂದಿಟ್ಟಿತು. 1922ರಲ್ಲಿ ಅವರು ಜಯ ಕರ್ನಾಟಕ ಮಾಸಪತ್ರಿಕೆಯನ್ನು ಆರಂಭಿಸಿದರು.

ಅವರು ಪ್ರತಿಪಾದಿಸಿದ ಕರ್ನಾಟಕತ್ವವು ನೆರೆಯವರ ಮೇಲಿನ ದ್ವೇಷದಿಂದ ಹುಟ್ಟಿದುದಲ್ಲ. ಮರಾಠಿಯ ಪ್ರಾಬಲ್ಯದಿಂದ ಕನ್ನಡವನ್ನು ಬಿಡಿಸಲು ದುಡಿದ ಅವರೇ ಲೋಕಮಾನ್ಯ ತಿಲಕರನ್ನು ಗೌರವದಿಂದ ಕಂಡು, ಅವರ ಮರಾಠಿ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಕನ್ನಡಿಗನಾಗುವುದರಿಂದ ಯಾರೂ ಭಾರತೀಯತೆಯನ್ನಾಗಲಿ, ತಮ್ಮ ಊರು ಮತ್ತು ಮತಾಚಾರಗಳನ್ನಾಗಲಿ ಬಿಡಬೇಕಾಗಿಲ್ಲವೆಂದು ಅವರು ತಿಳಿದಿದ್ದರು. ಇರುವ ಗುರುತನ್ನು ಅಳಿಸದೆ ಅದರ ಮೇಲೆ ಎಲ್ಲರಿಗೂ ಸಲ್ಲುವ ಇನ್ನೊಂದು ಗುರುತನ್ನು ಸೇರಿಸುವುದೇ ಅವರ ಮಾರ್ಗವಾಗಿತ್ತು.

ಏಕೀಕರಣದ ಹಾದಿ

1920ರಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸಮಾವೇಶಗೊಂಡಿತು. ಮೈಸೂರಿನ ಮಾಜಿ ದಿವಾನರಾದ ಶ್ರೀ ವಿ.ಪಿ. ಮಾಧವರಾಯರು ಅಧ್ಯಕ್ಷತೆ ವಹಿಸಿದುದು, ಸಂಸ್ಥಾನದವರೂ ಪ್ರಾಂತದವರೂ ಒಂದೇ ವೇದಿಕೆಗೆ ಬರಬಲ್ಲರೆಂಬುದನ್ನು ತೋರಿಸಿತು. ಅದೇ ವರ್ಷ ನಾಗಪುರದ ಕಾಂಗ್ರೆಸ್ ಅಧಿವೇಶನದಲ್ಲಿ ಭಾಷಾವಾರು ಪ್ರಾಂತ ಸಮಿತಿಗಳ ತತ್ವವನ್ನು ಅಂಗೀಕರಿಸಲಾಯಿತು. 1930ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರಾದರು.

ಸ್ವಾತಂತ್ರ್ಯಾನಂತರ ಕಠಿಣವಾದ ಪ್ರಶ್ನೆ ಕನ್ನಡಿಗರ ನಡುವೆಯೇ ಎದುರಾಯಿತು. ಶಿಕ್ಷಣ, ನೀರಾವರಿ ಮತ್ತು ವಿದ್ಯುತ್ತಿನಲ್ಲಿ ಮುಂದುವರಿದಿದ್ದ ಮೈಸೂರಿನ ಹಲವರು, ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವುದೆಂದೂ ಸಮುದಾಯಗಳ ನಡುವಿನ ರಾಜಕೀಯ ಸಮತೋಲನ ಕೆಡುವುದೆಂದೂ ಆತಂಕಪಟ್ಟರು. ಉತ್ತರ ಭಾಗದವರಿಗೆ ತಾವು ಅಧೀನರಾಗಿ ಸೇರಬೇಕಾದೀತೆಂಬ ಅಳುಕಿತ್ತು. ಮೈಸೂರಿನ ಮುಖ್ಯಮಂತ್ರಿ ಶ್ರೀ ಕೆಂಗಲ್ ಹನುಮಂತಯ್ಯನವರು ಈ ವಿರೋಧದ ನಡುವೆಯೂ ಏಕೀಕರಣವನ್ನು ಬೆಂಬಲಿಸಿದರು. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯ ನಂತರ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಎಪ್ಪತ್ತಾರು ವರ್ಷದ ವೆಂಕಟರಾಯರು ಅಂದು ಹಂಪಿಯಲ್ಲಿ ಭುವನೇಶ್ವರಿ ದೇವಿಗೆ ಪೂಜೆ ಸಲ್ಲಿಸಿದರು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಆಗ ದೊರೆಯಲಿಲ್ಲ. ಹಳೆಯ ಮೈಸೂರಿನವರ ಭಾವನೆಗೆ ಮನ್ನಣೆ ನೀಡಿ ಮೈಸೂರು ಎಂಬ ಹೆಸರನ್ನೇ ಉಳಿಸಿಕೊಳ್ಳಲಾಯಿತು. ಒಂದೇ ಆಡಳಿತದಲ್ಲಿ ಹದಿನೇಳು ವರ್ಷ ಕೂಡಿ ಬಾಳಿದ ಬಳಿಕ, 1973ರ ನವೆಂಬರ್ 1ರಂದು ಶ್ರೀ ಡಿ. ದೇವರಾಜ ಅರಸು ಅವರ ಕಾಲದಲ್ಲಿ ಕರ್ನಾಟಕವೆಂಬ ನಾಮಕರಣವಾಯಿತು. ವೆಂಕಟರಾಯರು 1964ರ ಫೆಬ್ರವರಿ 25ರಂದೇ ನಿಧನರಾಗಿದ್ದರು. ಯಾವ ಹೆಸರಿಗಾಗಿ ಬದುಕಿಡೀ ದುಡಿದರೋ ಆ ಹೆಸರು ರಾಜ್ಯಕ್ಕೆ ದೊರೆತುದನ್ನು ಅವರು ಕಾಣಲಿಲ್ಲ.

ಮುಂದುವರಿದ ಕಾರ್ಯ

ಸಮಾನ ಹೆಸರಿನೊಂದಿಗೆ ಸಮಾನ ಅವಕಾಶವೂ ಇದ್ದಾಗ ಮಾತ್ರ ಏಕತೆ ಉಳಿಯುತ್ತದೆ. 1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಮಾಡಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಗುರುತಿಸಿತು. ಹಿಂದಿನ ಹೈದರಾಬಾದ್ ಕರ್ನಾಟಕ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಕಲ್ಪಿಸಲು ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ಅನುಚ್ಛೇದವನ್ನು ಸೇರಿಸಲಾಯಿತು. ಇವು ಯಾವುದೇ ಪ್ರದೇಶಕ್ಕೆ ತೋರಿದ ಕೃಪೆಯಲ್ಲ. ಒಂದಾಗಿ ಬಾಳಲು ಒಪ್ಪಿದ ಜನರು ಪರಸ್ಪರ ಸಲ್ಲಿಸಬೇಕಾದ ಬಾಕಿ. ಕಚೇರಿಗೆ ಬರುವ ಪ್ರತಿಯೊಬ್ಬ ನಾಗರಿಕನಿಗೂ, ಆತ ಯಾವ ಭಾಗದವನಾದರೂ, ಒಂದೇ ಭಾಷೆಯಲ್ಲಿ ಒಂದೇ ರೀತಿಯ ಗೌರವ ದೊರೆಯುವುದು ವೆಂಕಟರಾಯರು ಬಯಸಿದ ಏಕೀಕರಣದ ನಿಜವಾದ ಅರ್ಥವಾಗಿದೆ.